ಬಚ್ಚಲ ನೀರು ಬಾಳೆಯ ಬುಡಕ್ಕೆ: ಕಾಸರಗೋಡಿನ ಬೇಸಿಗೆಗೊಂದು ಮನೆಮಟ್ಟದ ವ್ಯವಸ್ಥೆ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಗುಡುಗು ಮಳೆಯೂ ನಿಂತ ಮೇಲೆ ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ತನಕ ಹೆಚ್ಚುಕಡಿಮೆ ಆರು ತಿಂಗಳು ಲೆಕ್ಕಕ್ಕೆ ಹಿಡಿಯುವಷ್ಟು ಮಳೆಯಿಲ್ಲ. ಮುರಕಲ್ಲು ಎಂಬ ರಂಧ್ರ ತುಂಬಿದ ಕೆಂಪು ಕಲ್ಲಿನ ಗುಡ್ಡೆ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಕೆಳಗಿನ ತೋಡಿಗೆ ಬಿಟ್ಟೂ ಕೊಡುತ್ತದೆ. ಹಾಗಾಗಿ ಶಿವರಾತ್ರಿ ಕಳೆಯುವಾಗ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಷ್ಟೋ ಬಾವಿಗಳ ಹಗ್ಗ ಉದ್ದವಾಗುತ್ತದೆ. ವಿಷುವಿನ ಹೊತ್ತಿಗೆ ಪಂಪು ಸ್ವಲ್ಪ ಓಡಿದರೆ ಸಾಕು, ಗಾಳಿ ಎಳೆಯುತ್ತದೆ. ಹಿತ್ತಿಲ ಬಾಳೆ ಬಾಡುತ್ತದೆ, ಬಸಳೆ ಚಪ್ಪರ ಬರೀ ಕೋಲಾಗುತ್ತದೆ.

ಅದೇ ದಿನಗಳಲ್ಲಿ ಅದೇ ಮನೆಯ ಬಚ್ಚಲಿನಿಂದ, ಬಟ್ಟೆ ಒಗೆಯುವ ಕಲ್ಲಿನಿಂದ ದಿನಕ್ಕೆ ನೂರೈವತ್ತು, ಇನ್ನೂರು ಲೀಟರ್ ನೀರು ಯಾರಿಗೂ ಉಪಯೋಗವಿಲ್ಲದೆ ಇಂಗುಗುಂಡಿ ಸೇರುತ್ತದೆ. ಬಾವಿಯಿಂದ ಅಷ್ಟು ಕಷ್ಟಪಟ್ಟು ಮೇಲೆ ತಂದ ನೀರಿನಿಂದ ಇನ್ನೊಂದು ಕೆಲಸ ಮಾಡಿಸಿಯೇ ಮಣ್ಣಿಗೆ ಬಿಡಬೇಕು. ನಮ್ಮ ಹಳೆಯ ಮನೆಗಳಲ್ಲಿ ಇದು ತಾನಾಗಿ ನಡೆಯುತ್ತಿತ್ತು. ಬಚ್ಚಲುಕೊಟ್ಟಿಗೆ ಮನೆಯ ಹಿಂದೆ, ಸ್ವಲ್ಪ ತಗ್ಗಿನಲ್ಲಿ ಇರುತ್ತಿತ್ತು. ಅಲ್ಲಿಂದ ಒಂದು ಸಣ್ಣ ಕಣಿ ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಹೋಗುತ್ತಿತ್ತು. ಮನೆಯೊಳಗೆ ಟೈಲ್ಸ್ ಹಾಕಿದ ಬಾತ್‌ರೂಮು ಬಂದ ಮೇಲೆ ಆ ಕಣಿ ಮುಚ್ಚಿಹೋಯಿತು. ಅದನ್ನು ಈಗಿನ ಮನೆಗೆ ಹೊಂದುವ ಹಾಗೆ ಮತ್ತೆ ತೆರೆಯುವುದು ಹೇಗೆ ಎಂಬುದು ಈ ಬರಹದ ವಿಷಯ.

ಶುರುವಿಗೇ ನನ್ನ ಖಚಿತ ಅಭಿಪ್ರಾಯ ಹೇಳಿಬಿಡುತ್ತೇನೆ. ಬಾಲ್ದಿಯಲ್ಲಿ ಹೊತ್ತು ಹಾಕುವ ಯೋಜನೆ ಮಾಡಬೇಡಿ. ಹೊರುವ ಕೆಲಸ ಮೊದಲ ಎರಡು ವಾರ ಉತ್ಸಾಹದಲ್ಲಿ ನಡೆಯುತ್ತದೆ, ಆಮೇಲೆ ಮನೆಯ ಹೆಂಗಸರ ಸೊಂಟದ ಮೇಲೆ ಬೀಳುತ್ತದೆ, ಕೊನೆಗೆ ನಿಲ್ಲುತ್ತದೆ. ನೀರು ತಾನಾಗಿ ಇಳಿದು ಗಿಡದ ಬುಡ ಸೇರುವ ಹಾಗಿದ್ದರೆ ಮಾತ್ರ ಅದು ವರ್ಷಾನುಗಟ್ಟಲೆ ನಡೆಯುತ್ತದೆ. ಬಾಯಾರು, ಎಣ್ಮಕಜೆ ಕಡೆಯ ಗುಡ್ಡೆಗಳಿಗೆ ಅಡ್ಡಲಾಗಿ ಸುರಂಗ ಕೊರೆದವರು ಪಂಪಿಲ್ಲದೆ, ಹಗ್ಗವಿಲ್ಲದೆ ಗುಡ್ಡೆಯ ನೀರನ್ನು ಅಂಗಳದ ಕೆರೆಗೆ ಇಳಿಸಿಕೊಂಡರು. ನಮ್ಮ ಜಾಗದಲ್ಲಿ ಇಳಿಜಾರಿಗೆ ಬರವಿಲ್ಲ, ಅದನ್ನು ಉಪಯೋಗಿಸಿಕೊಳ್ಳಬೇಕು ಅಷ್ಟೇ.

ಮೊದಲು ನೀರಿನ ಹಿಂದೆ ನಡೆಯಿರಿ

ಒಂದು ಬೆಳಿಗ್ಗೆ ಮನೆಯವರೆಲ್ಲ ಸ್ನಾನ ಮಾಡುವ ಹೊತ್ತಿಗೆ ಹೊರಗೆ ಬಂದು ನೋಡಿ. ಬಚ್ಚಲಿನ ಪೈಪು ಗೋಡೆಯಿಂದ ಎಲ್ಲಿ ಹೊರಬರುತ್ತದೆ? ಅಡುಗೆಮನೆಯದು ಎಲ್ಲಿ? ವಾಷಿಂಗ್ ಮಶೀನಿನದು? ಅವು ಕಕ್ಕಸಿನ ಪೈಪಿಗೆ ಸೇರಿವೆಯೋ, ಬೇರೆಯೇ ಇವೆಯೋ? ಕಕ್ಕಸಿನ ನೀರು ಸೆಪ್ಟಿಕ್ ಟ್ಯಾಂಕಿಗೇ ಹೋಗಬೇಕು. ಅದನ್ನು ಗಿಡಕ್ಕೆ ಬಿಡುವ ಮಾತೇ ಇಲ್ಲ. ಬಚ್ಚಲೂ ಕಕ್ಕಸೂ ಒಂದೇ ಕೋಣೆಯಲ್ಲಿದ್ದರೂ ಎಷ್ಟೋ ಮನೆಗಳಲ್ಲಿ ನೆಲದ ಜಾಲರಿಯಿಂದ ಹೋಗುವ ಪೈಪು ಬೇರೆಯೇ ಹೊರಬಂದು, ಹೊರಗಿನ ಚೇಂಬರಿನಲ್ಲಿ ಹೋಗಿ ಕೂಡುತ್ತದೆ. ಹಾಗಿದ್ದರೆ ನಿಮ್ಮ ಅರ್ಧ ಕೆಲಸ ಆದಂತೆ, ಚೇಂಬರಿಗಿಂತ ಮುಂಚೆಯೇ ಅದನ್ನು ತಿರುಗಿಸಬಹುದು.

ಇನ್ನು ಲೆಕ್ಕ. ಭಾರತೀಯ ಮಾನಕ ಐಎಸ್ 1172ರ ಪ್ರಕಾರ ಪಟ್ಟಣದ ಮನೆಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು. ಅದನ್ನು ಸಾಮಾನ್ಯವಾಗಿ ಹಂಚುವುದು ಹೀಗೆ: ಸ್ನಾನಕ್ಕೆ 55, ಕಕ್ಕಸಿಗೆ 30, ಬಟ್ಟೆಗೆ 20, ನೆಲ ಒರೆಸಲು 10, ಪಾತ್ರೆಗೆ 10, ಅಡುಗೆ ಮತ್ತು ಕುಡಿಯಲು ಐದೈದು. ಬೇಸಿಗೆಯಲ್ಲಿ ನಮ್ಮ ಹಳ್ಳಿಮನೆಗಳಲ್ಲಿ ಇಷ್ಟು ಖರ್ಚಾಗುವುದಿಲ್ಲ. ಎರಡು ಬಾಲ್ದಿಯಲ್ಲಿ ಸ್ನಾನ ಮುಗಿಸುವವರಿಗೆ ತಲೆಗೆ 40 ಲೀಟರ್ ಹಿಡಿದರೆ ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 160 ಲೀಟರ್ ಬಚ್ಚಲ ನೀರು ಸಿಗುತ್ತದೆ.

ಇದು ಎಷ್ಟಕ್ಕೆ ಸಾಕು? ಪಶ್ಚಿಮ ಕರಾವಳಿಯ ತೆಂಗಿಗೆ ಬೇಸಿಗೆಯಲ್ಲಿ ಬುಡದ ಪಾತಿಗೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ನೀರು ಕೊಡಿ ಎಂಬುದು ಕೃಷಿ ವಿಜ್ಞಾನಿಗಳ ಸಲಹೆ. ಅಂದರೆ ದಿನಕ್ಕೆ 50 ಲೀಟರ್. ಒಂದು ಮನೆಯ ಸ್ನಾನದ ನೀರಿನಲ್ಲಿ ಮೂರು ತೆಂಗಿನ ಮರಗಳು ಬೇಸಿಗೆ ದಾಟುತ್ತವೆ. ಅಥವಾ ಒಂದು ಬಾಳೆಗುಂಡಿ, ಒಂದು ಬಸಳೆ ಚಪ್ಪರ, ಒಂದು ತೆಂಗು. ಇಡೀ ಅಡಿಕೆ ತೋಟಕ್ಕೆ ಇದರಿಂದ ನೀರು ಹಾಯಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಿತ್ತಿಲಿಗೆ ಇದು ಧಾರಾಳ, ತೋಟಕ್ಕೆ ಸಾಲದು.

ಸಾಬೂನು ಸರಿಯಾಗದೆ ಪೈಪಿಗೆ ಕೈ ಹಾಕಬೇಡಿ

ಗಿಡ ಹಾಳಾಗುವುದು ಕೊಳೆಯಿಂದಲ್ಲ. ಮೈಯ ಕೊಳೆ, ಮಣ್ಣು, ಎಣ್ಣೆಯ ಪಸೆ ಇವನ್ನೆಲ್ಲ ಮಣ್ಣಿನ ಜೀವಿಗಳು ತಿಂದು ಮುಗಿಸುತ್ತವೆ. ತೊಂದರೆ ಕೊಡುವುದು ಬಟ್ಟೆಯ ಪುಡಿಯಲ್ಲಿರುವ ಸೋಡಿಯಂ ಲವಣ. ಅಗ್ಗದ ಪುಡಿಗಳಲ್ಲಿ ಸೋಡಾ ಮತ್ತು ಸೋಡಿಯಂ ಸಲ್ಫೇಟ್ ಹೊಟ್ಟೆ ತುಂಬಿಸುವ ಸಾಮಗ್ರಿಯಾಗಿ ಧಾರಾಳ ಇರುತ್ತವೆ. ಸೋಡಿಯಂ ಹೆಚ್ಚಾದರೆ ಮಣ್ಣಿನ ಜೇಡಿಕಣಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿ ನಿಲ್ಲುವುದಿಲ್ಲ, ಬಿಡಿಬಿಡಿಯಾಗಿ ಹೋಗಿ ರಂಧ್ರಗಳನ್ನು ಮುಚ್ಚುತ್ತವೆ. ಮೇಲ್ಮೈ ಹಪ್ಪಳಗಟ್ಟುತ್ತದೆ, ನೀರು ಇಂಗದೆ ನಿಲ್ಲುತ್ತದೆ, ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ.

ನಮ್ಮ ಕೆಂಪು ಮಣ್ಣು ಹುಳಿ ಮಣ್ಣು. ರೈತರು ಮಳೆಗಾಲದ ಮೊದಲು ಸುಣ್ಣ ಹಾಕುವುದು ಅದಕ್ಕೇ. ಹಾಗಾಗಿ ಸಾಬೂನಿನ ನೀರಿನ ಕ್ಷಾರ ಬಯಲುಸೀಮೆಯ ಕಪ್ಪು ಮಣ್ಣಿಗೆ ಮಾಡುವಷ್ಟು ಹಾನಿ ಇಲ್ಲಿ ಮಾಡುವುದಿಲ್ಲ. ಮೇಲಾಗಿ ಜೂನ್‌ನಿಂದ ಸುರಿಯುವ ಮಳೆ ಆರು ತಿಂಗಳಲ್ಲಿ ಸೇರಿದ ಉಪ್ಪನ್ನು ಚೆನ್ನಾಗಿ ತೊಳೆದುಬಿಡುತ್ತದೆ. ಪ್ರಕೃತಿ ನಮಗೆ ಕೊಟ್ಟ ದೊಡ್ಡ ಅನುಕೂಲ ಇದು. ಆದರೆ ಸೋಡಿಯಂ ಸೋಡಿಯಮ್ಮೇ, ಆರು ತಿಂಗಳಲ್ಲಿ ಅದು ಎಳೆ ಗಿಡವನ್ನು ಕೊಲ್ಲಬಲ್ಲದು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದೇ ಅಳತೆಯ ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಎರಡಕ್ಕೂ ಹಿತ್ತಿಲಿನ ಮಣ್ಣು ಎರಡೆರಡು ಚಮಚ ಹಾಕಿ. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ನೀವು ಬಟ್ಟೆ ಒಗೆದ ನೀರು ತುಂಬಿಸಿ. ಚೆನ್ನಾಗಿ ಕುಲುಕಿ ಜಗಲಿಯ ಮೂಲೆಯಲ್ಲಿಟ್ಟು ಮರುದಿನ ನೋಡಿ. ಬಾವಿ ನೀರಿನ ಬಾಟಲಿ ತಿಳಿಯಾಗಿ, ಒಗೆದ ನೀರಿನದು ಇನ್ನೂ ಕೆಂಪಗೆ ಕದಡಿಯೇ ಇದ್ದರೆ ಆ ಪುಡಿ ನಿಮ್ಮ ಮಣ್ಣನ್ನು ಬಿಡಿಸುತ್ತಿದೆ ಎಂದರ್ಥ. ಪುಡಿ ಬದಲಿಸಿ, ಮತ್ತೆ ನೋಡಿ. ಪುಡಿಗಿಂತ ದ್ರವರೂಪದ ಡಿಟರ್ಜೆಂಟಿನಲ್ಲಿ ಸಾಮಾನ್ಯವಾಗಿ ಸೋಡಿಯಂ ಕಡಿಮೆ ಇರುತ್ತದೆ. ಅಂಟುವಾಳಕಾಯಿ ಸಿಗುವ ಮನೆಯಲ್ಲಿ ಅದರ ನೊರೆಯಲ್ಲಿ ಒಗೆದ ನೀರಿಗೆ ಯಾವ ಹೆದರಿಕೆಯೂ ಬೇಡ.

ಮೈಗೆ ಹಚ್ಚುವ ಸಾಬೂನು, ಶಾಂಪೂ ಇವುಗಳ ಪ್ರಮಾಣ ನೀರಿಗೆ ಹೋಲಿಸಿದರೆ ಅಲ್ಪ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಸೀಗೆ, ಹೆಸರುಹಿಟ್ಟು ಉಪಯೋಗಿಸುವವರಿದ್ದರೆ ಇನ್ನೂ ಒಳ್ಳೆಯದು. ಆದರೆ ಬ್ಲೀಚಿಂಗ್ ಪೌಡರು, ಬಟ್ಟೆ ಸೋಡಾ, ಕಕ್ಕಸು ತೊಳೆಯುವ ಆಸಿಡ್, ಫಿನಾಯಿಲು, ತಲೆಗೆ ಹಚ್ಚುವ ಬಣ್ಣ ಇವು ಯಾವುದೂ ಗಿಡದ ಕಡೆ ಹೋಗಬಾರದು. ಅವನ್ನು ಉಪಯೋಗಿಸುವ ದಿನ ನೀರನ್ನು ಇಂಗುಗುಂಡಿಗೆ ತಿರುಗಿಸಬೇಕು. ಅದಕ್ಕೊಂದು ವಾಲ್ವ್ ಬೇಕೇ ಬೇಕು, ಮುಂದೆ ಹೇಳುತ್ತೇನೆ.

ಯಾವ ನೀರು ಯಾರಿಗೆ

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಲ್ಲಕ್ಕಿಂತ ಶುದ್ಧ. ದನ ಇರುವ ಮನೆಯಲ್ಲಿ ಅಕ್ಕಚ್ಚು ಹಟ್ಟಿಗೇ ಹೋಗುತ್ತದೆ, ಹೋಗಬೇಕಾದದ್ದೂ ಅಲ್ಲಿಗೇ. ದನ ಇಲ್ಲದವರು ಅದನ್ನು ಕರಿಬೇವು, ಮಲ್ಲಿಗೆ, ಹರಿವೆ, ಚಟ್ಟಿಯ ಗಿಡ ಎಲ್ಲಕ್ಕೂ ಹಾಕಬಹುದು. ಕುಚ್ಚಲಕ್ಕಿ ಅನ್ನ ಬಸಿದ ತೆಳಿ ಆರಿದ ಮೇಲೆ, ಉಪ್ಪು ಹಾಕುವ ಮೊದಲು, ಎರಡು ಪಾಲು ನೀರು ಬೆರೆಸಿ ಹಾಕಿ. ದಪ್ಪ ತೆಳಿಯನ್ನು ಹಾಗೆಯೇ ಸುರಿದರೆ ಮಣ್ಣಿನ ಮೇಲೆ ಹುಳಿತು ಇರುವೆ ಬರುತ್ತದೆ. ಈ ನೀರು ದಿನಕ್ಕೆ ನಾಲ್ಕೈದು ಲೀಟರಷ್ಟೇ ಆಗುವುದರಿಂದ ಇದೊಂದನ್ನು ಮಾತ್ರ ಕೈಯಲ್ಲಿ ಹೊರುವುದಕ್ಕೆ ನನ್ನ ತಕರಾರಿಲ್ಲ.

ಮೀನು ತೊಳೆದ ನೀರು ತೆಂಗಿಗೂ ಕರಿಬೇವಿಗೂ ಒಳ್ಳೆಯ ಗೊಬ್ಬರ. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಸ್ವಲ್ಪ ಮಣ್ಣು ಕೆದಕಿ, ಸುರಿದು, ಮೇಲೆ ಮಣ್ಣು ಮುಚ್ಚಬೇಕು. ಇಲ್ಲದಿದ್ದರೆ ರಾತ್ರಿ ನಾಯಿ, ಬೆಕ್ಕು ಬಂದು ಕೆದರುತ್ತವೆ. ಒಣಮೀನು ನೆನೆಸಿದ ನೀರು, ಉಪ್ಪುಸೊಳೆಯ ಉಪ್ಪು ಬಿಡಿಸಿದ ನೀರು, ಉಪ್ಪಿನಲ್ಲಿಟ್ಟ ಮಾವಿನಕಾಯಿಯ ನೀರು ಬೇರೆ ಯಾವ ಗಿಡಕ್ಕೂ ಆಗದು. ಬೆಳೆದ ತೆಂಗು ಮಾತ್ರ ಉಪ್ಪು ತಡೆಯುತ್ತದೆ. ತೆಂಗಿನ ಸಸಿ ನೆಡುವ ಗುಂಡಿಗೆ ಹಿರಿಯರು ಉಪ್ಪು ಹಾಕುತ್ತಿದ್ದುದು ನೆನಪಿರಬಹುದು.

ಸ್ನಾನದ ನೀರು ಬಾಳೆ, ತೆಂಗು, ಪಪ್ಪಾಯಿ, ಕೆಸು, ನುಗ್ಗೆ, ಬಸಳೆ, ದಾಸವಾಳಕ್ಕೆ ಸರಿ. ಬಸಳೆಯನ್ನು ಬೇಯಿಸಿಯೇ ತಿನ್ನುವುದರಿಂದ ಅಡ್ಡಿಯಿಲ್ಲ, ಆದರೆ ನೀರು ಬುಡಕ್ಕೆ ಮಾತ್ರ ಹೋಗಬೇಕು, ಎಲೆಗೆ ಚಿಮುಕಿಸಬಾರದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಒಂದೆಲಗ, ಸೌತೆ, ಮಣ್ಣೊಳಗೆ ಬೆಳೆಯುವ ಮೂಲಂಗಿ ಇವುಗಳಿಂದ ಸ್ನಾನದ ನೀರನ್ನೂ ಬಟ್ಟೆಯ ನೀರನ್ನೂ ದೂರವಿಡಿ. ಒಂದೆಲಗದ ತಂಬುಳಿ ಮಾಡುವ ಮನೆಯಲ್ಲಿ ಇದು ಮುಖ್ಯ. ಬಚ್ಚಲ ಹಿಂದೆ ಒದ್ದೆ ಜಾಗದಲ್ಲಿ ಅದು ತಾನಾಗಿ ಹಬ್ಬುತ್ತದೆ, ಹಾಗೆ ಹಬ್ಬಿದ್ದನ್ನು ಕಿತ್ತು ತಿನ್ನಬೇಡಿ. ಆಂಥೂರಿಯಂ, ಆರ್ಕಿಡ್, ಜರಿಗಿಡ, ನರ್ಸರಿಯ ಎಳೆ ಸಸಿ ಇವುಗಳಿಗೂ ಸಾಬೂನು ನೀರು ಬೇಡ.

ಬಟ್ಟೆಯ ನೀರಿನಲ್ಲಿ ಮೊದಲ ನೊರೆ ನೀರು ಇಂಗುಗುಂಡಿಗೆ, ಜಾಲಿಸಿದ ಎರಡನೆಯ ಮತ್ತು ಮೂರನೆಯ ನೀರು ತೆಂಗಿಗೆ. ಮಗುವಿನ ಕಕ್ಕಸಾದ ಬಟ್ಟೆ, ಕಾಯಿಲೆಯವರ ಹಾಸಿಗೆಬಟ್ಟೆ ಒಗೆದ ನೀರು ಗಿಡಕ್ಕೆ ಬೇಡವೇ ಬೇಡ. ಮನೆಯಲ್ಲಿ ಯಾರಿಗಾದರೂ ಹೊಟ್ಟೆಕೆಟ್ಟಿದ್ದರೆ ಅವರು ಸುಧಾರಿಸುವ ತನಕ ಬಚ್ಚಲ ನೀರನ್ನೂ ಇಂಗುಗುಂಡಿಗೇ ಬಿಡಿ.

ಎಸಿಯಿಂದ ತೊಟ್ಟಿಕ್ಕುವ ನೀರು ಮಳೆನೀರಿನಷ್ಟೇ ಮೆದು, ಚಟ್ಟಿಗಿಡಗಳಿಗೆ ಉತ್ತಮ. ಆರ್‌ಒ ಫಿಲ್ಟರು ಹೊರಹಾಕುವ ನೀರಿನಲ್ಲಿ ಮೂಲ ನೀರಿನ ಲವಣವೆಲ್ಲ ಗಟ್ಟಿಯಾಗಿರುತ್ತದೆ. ಗುಡ್ಡೆಯ ಬಾವಿಯ ನೀರಾದರೆ ಅದರಿಂದ ತೊಂದರೆಯಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಬೇಸಿಗೆಗೆ ಬಾವಿ ನೀರೇ ಚಪ್ಪರಿಸಿದರೆ ಉಪ್ಪು ಎನಿಸುವ ಮನೆಗಳಿವೆ. ಅಲ್ಲಿ ಆ ನೀರು ನೆಲ ಒರೆಸಲಿಕ್ಕೆ ಮಾತ್ರ.

ಅಡುಗೆಮನೆಯ ಪಸೆ

ಪಾತ್ರೆ ತೊಳೆದ ನೀರು ಎಲ್ಲಕ್ಕಿಂತ ಹಠಮಾರಿ. ಅದರಲ್ಲಿ ಎಣ್ಣೆ, ಅನ್ನದ ಅಗುಳು, ತೆಂಗಿನ ಹೂವಿನ ಚೂರು ಎಲ್ಲ ಇರುತ್ತದೆ. ನಾವು ಉಪಯೋಗಿಸುವುದು ತೆಂಗಿನೆಣ್ಣೆ, ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನು, ಮಕರ ಮಾಸದ ಚಳಿಯ ಬೆಳಿಗ್ಗೆ ಬಾಟಲಿಯ ಎಣ್ಣೆ ಗಟ್ಟಿಯಾಗುವ ಹಾಗೆಯೇ ಪೈಪಿನೊಳಗೂ ಗಟ್ಟಿಯಾಗಿ ಗೋಡೆಗೆ ಹತ್ತುತ್ತದೆ. ಪೈಪು ಕಟ್ಟುವುದು ಆಗ.

ಮೊದಲ ಉಪಾಯ ಪೈಪಿನಲ್ಲಿಲ್ಲ, ಸಿಂಕಿನ ಬದಿಯಲ್ಲಿದೆ. ಬಾಣಲೆ, ಒಗ್ಗರಣೆ ಸೌಟು, ಎಣ್ಣೆ ಬಿಟ್ಟ ಪಾತ್ರೆಗಳನ್ನು ತೊಳೆಯುವ ಮೊದಲು ತೆಂಗಿನ ನಾರಿನಲ್ಲಿ ಒಂದು ಚಿಟಿಕೆ ಬೂದಿ ಹಚ್ಚಿ ಒರೆಸಿ ನಾರನ್ನೇ ಒಲೆಗೆ ಹಾಕಿ. ಪಸೆಯ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ಉಳಿದ ಪಸೆಗೆ ಹೊರಗೊಂದು ಡ್ರಮ್ಮು ಇಡಿ. ಮುಚ್ಚಳವಿರುವ ಐವತ್ತು ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಸಾಕು. ಸಿಂಕಿನ ಪೈಪು ಡ್ರಮ್ಮಿನ ಬಾಯಿಯಿಂದ ಒಂದು ಗೇಣು ಕೆಳಗೆ ಒಳಸೇರಲಿ. ಎದುರು ಬದಿಯಲ್ಲಿ ಅದಕ್ಕಿಂತ ಎರಡು ಇಂಚು ತಗ್ಗಿನಲ್ಲಿ ಹೊರಹೋಗುವ ಪೈಪಿಗೆ ತೂತು ಮಾಡಿ. ಹೊರಹೋಗುವ ಪೈಪಿನ ಒಳತುದಿಗೆ ಒಂದು ಟೀ (T ಆಕಾರದ ಪೈಪು ಜೋಡಣೆ) ಹಾಕಿ, ಅದರ ಕೆಳಬಾಯಿಗೆ ಪೈಪಿನ ತುಂಡು ಜೋಡಿಸಿ ಡ್ರಮ್ಮಿನ ತಳದಿಂದ ಒಂದು ಗೇಣು ಮೇಲಿನವರೆಗೆ ಇಳಿಸಿ. ಟೀಯ ಮೇಲುಬಾಯಿ ತೆರೆದಿರಲಿ, ಗಾಳಿ ಆಡಬೇಕು. ನೀರು ಒಳಗೆ ಬಂದಾಗ ಎಣ್ಣೆ ಮೇಲೆ ತೇಲುತ್ತದೆ, ಅಗುಳು ತಳಕ್ಕೆ ಇಳಿಯುತ್ತದೆ, ನಡುವಿನ ನೀರು ಮಾತ್ರ ಇಳಿಸಿದ ಪೈಪಿನ ಮೂಲಕ ಏರಿ ಹೊರಗೆ ಹೋಗುತ್ತದೆ. ಯಂತ್ರವಿಲ್ಲ, ಫಿಲ್ಟರಿಲ್ಲ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಮೇಲಿನ ಕೆನೆಯನ್ನು ತೆಂಗಿನ ಗೆರಟೆಯಿಂದ ಬಳಿದು ತರಗೆಲೆಯ ಜೊತೆ ಗೊಬ್ಬರದ ಗುಂಡಿಗೆ ಹಾಕಬೇಕು, ತಿಂಗಳಿಗೊಮ್ಮೆ ತಳದ ಕೆಸರು ಎತ್ತಬೇಕು. ಇದನ್ನು ಮಾಡಲು ಮನಸ್ಸಿಲ್ಲದವರು ಅಡುಗೆಮನೆಯ ನೀರನ್ನು ಬಿಟ್ಟು ಬಚ್ಚಲ ನೀರಿಗಷ್ಟೇ ವ್ಯವಸ್ಥೆ ಮಾಡಿಕೊಳ್ಳಿ, ಅದೂ ದೊಡ್ಡ ಲಾಭವೇ.

ಪೈಪು, ಇಳಿಜಾರು, ವಾಲ್ವ್

ಬಚ್ಚಲ ಪೈಪಿಗೆ ಎರಡು ಇಂಚಿನ ಪಿವಿಸಿ ಸಾಕು. ಒಂದು ಮೀಟರಿಗೆ ಎರಡು ಸೆಂಟಿಮೀಟರಿನಂತೆ ಇಳಿತ ಕೊಡಿ, ಹತ್ತು ಮೀಟರ್ ದೂರಕ್ಕೆ ಇಪ್ಪತ್ತು ಸೆಂಟಿಮೀಟರ್. ಕಣ್ಣಂದಾಜು ಮೋಸ ಮಾಡುತ್ತದೆ. ಮೇಸ್ತ್ರಿಗಳು ಮಟ್ಟ ನೋಡಲು ಇಟ್ಟುಕೊಳ್ಳುವ ನೀರು ತುಂಬಿದ ಪಾರದರ್ಶಕ ಪೈಪನ್ನು ಅರ್ಧ ದಿನಕ್ಕೆ ಕೇಳಿ ತನ್ನಿ.

ಗೋಡೆಯಿಂದ ಪೈಪು ಹೊರಬರುವಲ್ಲಿ ಒಂದು ಟೀ ಹಾಕಿ ಎರಡು ದಾರಿ ಮಾಡಿ, ಒಂದು ಗಿಡಕ್ಕೆ, ಇನ್ನೊಂದು ಇಂಗುಗುಂಡಿಗೆ. ಎರಡಕ್ಕೂ ಒಂದೊಂದು ಬಾಲ್ ವಾಲ್ವ್. ಅದು ಮನೆಯವರ ಕೈಗೆ ಎಟಕುವಲ್ಲಿ ಇರಬೇಕು. ತಗ್ಗಿನಲ್ಲಿ, ಪೊದೆಯ ಹಿಂದೆ ಇಟ್ಟರೆ ಯಾರೂ ತಿರುಗಿಸುವುದಿಲ್ಲ. ಪೇಂಟಿನಲ್ಲಿ ಹಸುರು, ಕೆಂಪು ಬಳಿದರೆ ಮಕ್ಕಳಿಗೂ ಅಜ್ಜಿಗೂ ಗೊತ್ತಾಗುತ್ತದೆ.

ಬಚ್ಚಲೊಳಗಿನ ಜಾಲರಿಯ ಮೇಲೆ ಹಳೆಯ ಸೊಳ್ಳೆಪರದೆಯ ತುಂಡು ಕೂರಿಸಿ, ಕೂದಲು ಅಲ್ಲೇ ನಿಲ್ಲುತ್ತದೆ. ತೋಟದಲ್ಲಿ ಉಳಿದ ಡ್ರಿಪ್ ಪೈಪನ್ನು ಇದಕ್ಕೆ ಜೋಡಿಸುವ ಯೋಚನೆ ಅನೇಕರಿಗೆ ಬರುತ್ತದೆ. ಅದು ಬೇಡ, ಸಾಬೂನಿನ ಪಸೆಗೆ ಅದರ ಸಣ್ಣ ಕಣ್ಣುಗಳು ಬಹುಬೇಗ ಮುಚ್ಚುತ್ತವೆ. ಪೈಪಿನ ತುದಿ ತೆರೆದೇ ಇರಲಿ ಮತ್ತು ಗುಂಡಿಯ ಹೊದಿಕೆಗಿಂತ ನಾಲ್ಕೈದು ಇಂಚು ಮೇಲಿರಲಿ. ಮಣ್ಣೊಳಗೆ ಹೂತಿಟ್ಟರೆ ಬಾಳೆಯ ಬೇರು ನೀರು ಹುಡುಕುತ್ತಾ ಪೈಪಿನೊಳಗೇ ನುಗ್ಗುತ್ತದೆ.

ವಾಷಿಂಗ್ ಮಶೀನಿನ ನೀರನ್ನು ಹೊರಹಾಕುವ ಪಂಪು ಸಣ್ಣದು. ಅದರ ಹೋಸನ್ನು ಸುಮಾರು ಒಂದು ಮೀಟರಿಗಿಂತ ಎತ್ತರಿಸಬೇಡಿ, ಉದ್ದದ ಪೈಪಿಗೆ ಬಿಗಿಯಾಗಿ ಜೋಡಿಸಲೂ ಬೇಡಿ. ಹೋಸು ಒಂದು ಬಾಯಿ ತೆರೆದ ಡ್ರಮ್ಮಿಗೆ ಬೀಳಲಿ, ಅದರ ತಳದಿಂದ ನೀರು ತಾನಾಗಿ ಇಳಿದು ಹೋಗಲಿ.

ಬಾವಿಯ ವಿಷಯದಲ್ಲಿ ರಾಜಿ ಬೇಡ. ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ 7.5 ಮೀಟರಾದರೂ ದೂರ ಇರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಮುರಕಲ್ಲಿನ ರಂಧ್ರಗಳೊಳಗೆ ನೀರು ಎಷ್ಟು ಸಲೀಸಾಗಿ ಓಡುತ್ತದೆ ಎಂದು ಬಲ್ಲವರು ಅಷ್ಟಕ್ಕೆ ತೃಪ್ತರಾಗಬಾರದು. ಹದಿನೈದು ಮೀಟರ್ ದೂರ, ಅದೂ ಬಾವಿಗಿಂತ ತಗ್ಗಿನ ಬದಿಯಲ್ಲಿ ಎಂಬುದು ನನ್ನ ಮಿತಿ. ಸುರಂಗ ಇರುವ ಜಾಗದಲ್ಲಿ ಅದರ ಮೇಲ್ಭಾಗದ ಗುಡ್ಡೆಗೆ ಈ ನೀರು ಖಂಡಿತ ಹೋಗಬಾರದು. ನೆರೆಮನೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಿಪ್ಪೆ ತುಂಬಿದ ಗುಂಡಿ

ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲಿ. ಬರೀ ಮಣ್ಣಿನ ಮೇಲೆ ನೀರು ಬಿಟ್ಟರೆ ಮುರಕಲ್ಲು ಅದನ್ನು ನುಂಗಿಬಿಡುತ್ತದೆ, ಬೇರಿಗೆ ದಕ್ಕುವುದು ಸ್ವಲ್ಪ. ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಕೊಡುವ ವಸ್ತು ಬೇಕು, ಅದು ನಮ್ಮ ಮನೆಗಳಲ್ಲೇ ರಾಶಿ ಬಿದ್ದಿರುತ್ತದೆ: ತೆಂಗಿನ ಸಿಪ್ಪೆ. ಸಿಪ್ಪೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹೀರಿಕೊಳ್ಳುತ್ತದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ತೇವ ಉಳಿಸಲು ತೆಂಗಿನ ಬುಡದಲ್ಲಿ ಸಿಪ್ಪೆ ಹೂಳುವುದನ್ನು ಬಹುಕಾಲದಿಂದ ಶಿಫಾರಸು ಮಾಡುತ್ತಾ ಬಂದಿದೆ. ಹೂತ ಸಿಪ್ಪೆಯ ಗುಣ ಐದರಿಂದ ಏಳು ವರ್ಷ ಉಳಿಯುತ್ತದೆ.

ಬಾಳೆಗುಂಡಿಗೆ ನಾಲ್ಕು ಅಡಿ ಅಗಲದ ವೃತ್ತ ಎಳೆದು ಎರಡು ಅಡಿ ಆಳ ತೋಡಿ. ಮೇಲ್ಮಣ್ಣನ್ನು ಸುತ್ತ ದಂಡೆಯಾಗಿ ಹಾಕಿ, ಅದರ ಮೇಲೆಯೇ ಬಾಳೆ ನೆಡುವುದು. ತೋಡಿದ ಕೂಡಲೇ ಗುಂಡಿಗೆ ಹತ್ತು ಕೊಡಪಾನ ನೀರು ಸುರಿದು ನೋಡಿ. ಸಂಜೆಯೊಳಗೆ ಇಂಗಿದರೆ ಜಾಗ ಒಳ್ಳೆಯದು. ಕಾಲು ಗಂಟೆಯಲ್ಲೇ ಮಾಯವಾದರೆ ತಳಕ್ಕೆ ಒಂದು ಗೇಣು ಜೇಡಿ ಬೆರೆತ ಮಣ್ಣು ಹಾಕಿ. ಮರುದಿನವೂ ನಿಂತಿದ್ದರೆ ಕೆಳಗೆ ಪಾದೆ, ಅಂದರೆ ಬಂಡೆ ಇದೆ, ಬೇರೆ ಜಾಗ ನೋಡಿ.

ಇನ್ನು ತುಂಬಿಸುವುದು. ತಳಕ್ಕೆ ಸಿಪ್ಪೆಯನ್ನು ಹೊಟ್ಟೆ ಮೇಲಾಗಿ, ಅಂದರೆ ಕುಳಿ ಇರುವ ಬದಿ ಆಕಾಶಕ್ಕೆ ಮುಖ ಮಾಡುವ ಹಾಗೆ, ಒತ್ತೊತ್ತಾಗಿ ಜೋಡಿಸಿ. ಒಂದೊಂದು ಸಿಪ್ಪೆಯೂ ಒಂದು ಬಟ್ಟಲಿನ ಹಾಗೆ ನೀರು ಹಿಡಿಯುತ್ತದೆ. ಅದರ ಮೇಲೆ ನಾಲ್ಕು ಬೆರಳು ಮಣ್ಣು. ಮತ್ತೆ ಸಿಪ್ಪೆ, ಮತ್ತೆ ಮಣ್ಣು. ಅರ್ಧಕ್ಕಿಂತ ಮೇಲೆ ಬಂದಾಗ ಕೊತ್ತಳಿಗೆ ತುಂಡು, ಒಣ ಬಾಳೆದಿಂಡು, ಅಡಿಕೆ ಸೋಗೆ, ತರಗೆಲೆ ತುಂಬಿಸಿ, ನೆಲಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಗೋಪುರವಾಗಿ ಬರಲಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕುಸಿದು ಸಮವಾಗುತ್ತದೆ. ಎಲ್ಲಕ್ಕಿಂತ ಮೇಲಿನ ಹೊದಿಕೆಗೆ ಸಿಪ್ಪೆ ಹಾಕುವುದಾದರೆ ಬೆನ್ನು ಮೇಲಾಗಿ ಕವುಚಿ ಹಾಕಿ, ಇಲ್ಲದಿದ್ದರೆ ಮಳೆನೀರು ತುಂಬಿ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಪೈಪಿನ ನೀರು ಈ ಹೊದಿಕೆಯ ನಡುವೆ ಬೀಳಲಿ. ನೀರು ಕಣ್ಣಿಗೆ ಕಾಣಬಾರದು, ಕೆಳಗಿಳಿದು ಹೋಗಬೇಕು.

ದಂಡೆಯ ಮೇಲೆ ನಾಲ್ಕು ಬಾಳೆ ಕಂದು ಸಾಕು. ಕದಳಿ, ಮೈಸೂರು ಬಾಳೆ ಎರಡೂ ಚೆನ್ನಾಗಿ ಬರುತ್ತವೆ. ನಡುನಡುವೆ ಕೆಸು, ಗುಂಡಿಯ ಹೊರಬದಿಯ ಇಳುಕಲಿನಲ್ಲಿ ಬಸಳೆ ಬಳ್ಳಿಯ ತುಂಡು ನೆಟ್ಟು ಚಪ್ಪರಕ್ಕೆ ಹಬ್ಬಿಸಿ. ಬಾಳೆಗೆ ಪೊಟ್ಯಾಷ್ ಬೇಕು, ಹಂಡೆಯ ಒಲೆಯ ಬೂದಿಯನ್ನು ತಿಂಗಳಿಗೊಮ್ಮೆ ಒಂದೊಂದು ಗೆರಟೆ ಬುಡದ ಸುತ್ತ ಎರಚಿ.

ತೆಂಗಿಗಾದರೆ ಬುಡದಿಂದ ಒಂದೂವರೆ ಮೀಟರ್ ದೂರದಲ್ಲಿ ಅರ್ಧಚಂದ್ರಾಕಾರದ ಕಣಿ ತೆಗೆದು ಅದೇ ರೀತಿ ಸಿಪ್ಪೆ ಹೂಳಿ. ಮರದ ಕಾಂಡಕ್ಕೇ ತಾಗುವಂತೆ ನೀರು ನಿಲ್ಲಿಸಬೇಡಿ. ಮೂರು ಮರಗಳಿದ್ದರೆ ಪೈಪಿನ ತುದಿಯನ್ನು ವಾರಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ತಿರುಗಿಸುತ್ತಾ ಬನ್ನಿ. ಅಡಿಕೆ ಸಸಿಗೆ ಇದನ್ನು ಮಾಡುವವರಿದ್ದರೆ ಜಾಗ್ರತೆ, ಬೇರಿನಲ್ಲಿ ನೀರು ನಿಂತರೆ ಅಡಿಕೆ ತೆಂಗಿನಷ್ಟು ಸಹಿಸುವುದಿಲ್ಲ.

ಹಿತ್ತಿಲಿಲ್ಲದವರಿಗೆ

ಕಾಸರಗೋಡು ಪೇಟೆಯ ಫ್ಲ್ಯಾಟುಗಳಲ್ಲಿ ಟೆರೇಸಿನ ಮೇಲೆ ಗ್ರೋಬ್ಯಾಗಿನಲ್ಲಿ ಅಲಸಂಡೆ, ಬೆಂಡೆ ಬೆಳೆಯುವವರು ಈಗ ಧಾರಾಳ ಇದ್ದಾರೆ. ಅವರಿಗೆ ಸಾಬೂನು ನೀರನ್ನು ನಾನು ಶಿಫಾರಸು ಮಾಡುವುದಿಲ್ಲ. ಚೀಲದ ಮಣ್ಣು ಸ್ವಲ್ಪ, ಉಪ್ಪು ಹೋಗಲು ದಾರಿಯಿಲ್ಲ. ಅಕ್ಕಿ ತರಕಾರಿ ತೊಳೆದ ನೀರು, ಎಸಿ ನೀರು, ಬಿಸಿನೀರು ಬರುವ ತನಕ ನಲ್ಲಿಯಿಂದ ಸುಮ್ಮನೆ ಹರಿಯಬಿಡುವ ತಣ್ಣೀರು ಇವಿಷ್ಟನ್ನು ಒಂದು ಬಾಲ್ದಿಯಲ್ಲಿ ಸೇರಿಸಿದರೆ ಹತ್ತು ಹದಿನೈದು ಚೀಲಕ್ಕೆ ಆಗುತ್ತದೆ. ಚೀಲದ ಅಂಚಿನಲ್ಲಿ ಬಿಳಿ ಪುಡಿಯಂಥ ಕಲೆ ಕಂಡರೆ ಉಪ್ಪು ಕೂಡುತ್ತಿದೆ ಎಂದು ತಿಳಿದು, ತಳದಿಂದ ನೀರು ಹರಿದುಹೋಗುವಷ್ಟು ಒಳ್ಳೆಯ ನೀರು ಒಮ್ಮೆ ಕೊಡಿ.

ನೋಡಿಕೊಳ್ಳುವುದು

ಈ ನೀರನ್ನು ಟ್ಯಾಂಕಿನಲ್ಲಿ ತುಂಬಿಸಿಡುವ ಆಸೆ ಬೇಡ. ಒಂದು ದಿನ ಕಳೆದರೆ ಅದು ಕೊಳೆತು ನಾರುತ್ತದೆ. ಬಂದ ನೀರು ಬಂದ ದಿನವೇ ಮಣ್ಣಿಗೆ. ಸೊಳ್ಳೆಯ ಭಯಕ್ಕೂ ಇದೇ ಮದ್ದು. ನಮ್ಮ ಜಿಲ್ಲೆಯಲ್ಲಿ ಡೆಂಗಿ ಹೊಸದಲ್ಲ. ಅದನ್ನು ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು. ಡ್ರಮ್ಮಿಗೆ ಬಿಗಿ ಮುಚ್ಚಳ ಇರಲಿ, ಬಾಯಿ ತೆರೆದದ್ದಕ್ಕೆ ಬಲೆ ಕಟ್ಟಿ, ಗುಂಡಿಯಲ್ಲಿ ನೀರು ಕಣ್ಣಿಗೆ ಕಂಡರೆ ಎರಡು ಬುಟ್ಟಿ ತರಗೆಲೆ ಸುರಿಯಿರಿ.

ಗುಂಡಿ ಒಳ್ಳೆಯ ಮಣ್ಣಿನ ವಾಸನೆ ಕೊಡಬೇಕು. ಮೊಟ್ಟೆ ಕೊಳೆತ ವಾಸನೆ ಬಂದರೆ ಗಾಳಿಯಾಡುತ್ತಿಲ್ಲ ಎಂದರ್ಥ. ನಾಲ್ಕು ದಿನ ನೀರನ್ನು ಇಂಗುಗುಂಡಿಗೆ ತಿರುಗಿಸಿ, ಹಾರೆಯಿಂದ ಅಲ್ಲಲ್ಲಿ ಚುಚ್ಚಿ, ಒಣ ಸೋಗೆ ಸೇರಿಸಿ. ಎಲೆಯಂಚು ಸುಡತೊಡಗಿದರೆ ಬಟ್ಟೆಯ ನೀರನ್ನು ನಿಲ್ಲಿಸಿ ಸ್ನಾನದ ನೀರನ್ನು ಮಾತ್ರ ಬಿಡಿ.

ಮಳೆ ಹಿಡಿದ ಕೂಡಲೇ ವಾಲ್ವ್ ತಿರುಗಿಸಬೇಕು. ಪತ್ತನಾಜೆಯ ಆಚೆ ಮೊದಲ ಜೋರು ಮಳೆ ಬಂದು ಅಂಗಳದಲ್ಲಿ ನೀರು ಹರಿದ ದಿನ ಗಿಡದ ದಾರಿ ಮುಚ್ಚಿ, ಇಂಗುಗುಂಡಿಯ ದಾರಿ ತೆರೆಯಿರಿ. ಮಳೆಗಾಲದಲ್ಲಿ ಬಾಳೆಗೂ ತೆಂಗಿಗೂ ನೀರು ಬೇಡ, ತುಂಬಿದ ಗುಂಡಿಗೆ ಬಚ್ಚಲ ನೀರೂ ಸೇರಿದರೆ ಉಕ್ಕಿ ಬಾವಿಯ ಕಡೆಗೋ ನೆರೆಯವರ ಅಂಗಳಕ್ಕೋ ಹೋಗುತ್ತದೆ. ಆ ನಾಲ್ಕೈದು ತಿಂಗಳು ಗುಂಡಿಗೆ ವಿಶ್ರಾಂತಿ, ಮಣ್ಣಿನ ಉಪ್ಪು ತೊಳೆದುಹೋಗುವ ಕಾಲ. ತುಲಾ ಮಳೆ ನಿಂತು ಅಂಗಳಕ್ಕೆ ಸೆಗಣಿ ಸಾರಿಸಿ ಅಡಿಕೆ ಒಣಗಿಸಲು ಹಾಕುವ ಹೊತ್ತಿಗೆ ಗುಂಡಿಯ ಮೇಲ್ಪದರದ ಗೊಬ್ಬರ ಬಳಿದು ತೆಗೆದು, ಹೊಸ ಸಿಪ್ಪೆ, ಸೋಗೆ ತುಂಬಿಸಿ, ವಾಲ್ವನ್ನು ಮತ್ತೆ ಗಿಡದ ಕಡೆಗೆ ತಿರುಗಿಸಿ. ತೆಗೆದ ಗೊಬ್ಬರ ಮಲ್ಲಿಗೆಗೂ ಕಾಳುಮೆಣಸಿನ ಬುಡಕ್ಕೂ ಹೋಗಲಿ.

ಹೊಸ ಮನೆ ಕಟ್ಟುತ್ತಿರುವವರು ಅಡಿಪಾಯ ಹಾಕುವ ಮುಂಚೆಯೇ ಮೇಸ್ತ್ರಿಗೂ ಪ್ಲಂಬರನಿಗೂ ಎರಡು ಮಾತು ಹೇಳಿ: ಕಕ್ಕಸಿನ ಪೈಪಿಗೂ ಬಚ್ಚಲಿನ ಪೈಪಿಗೂ ಒಳಗಾಗಲಿ ಹೊರಗಾಗಲಿ ಸಂಬಂಧ ಇರಬಾರದು, ಬಚ್ಚಲಿನ ಪೈಪು ಬಾವಿಯ ವಿರುದ್ಧ ದಿಕ್ಕಿಗೆ, ಜಾಗ ಇಳಿಯುವ ಬದಿಗೆ ಹೊರಬರಬೇಕು. ಆಗ ಇದಕ್ಕೆ ತಗಲುವುದು ನಾಲ್ಕು ಮೀಟರ್ ಪೈಪಿನ ಖರ್ಚು. ಟೈಲ್ಸ್ ಕೂರಿಸಿದ ಮೇಲೆ ನೆನಪಾದರೆ ನೆಲ ಒಡೆಯಬೇಕಾಗುತ್ತದೆ.